ಅಜ್ಜಿಯ ಹೊಲಿಗೆ ಮೊಮ್ಮಗಳಿಗೆ ಬರಬೇಕಾದರೆ ಕೊನೆಯ ಕೆಲಸದಿಂದ ಶುರು ಮಾಡಿ

ಪ್ರಶ್ನೆ: ನನ್ನ ಅಮ್ಮನಿಗೆ 71 ವರ್ಷ. ಮನೆಮಂದಿಯ ಬಟ್ಟೆಯನ್ನೆಲ್ಲ ಅವರೇ ಹೊಲಿದು ನಮ್ಮನ್ನು ಬೆಳೆಸಿದರು. ಅವರ ಅಮ್ಮನೂ ಹೊಲಿಯುತ್ತಿದ್ದರಂತೆ. ನಾನು ಮಾತ್ರ ಓದು, ಕೆಲಸ ಅಂತ ಕಲಿಯಲೇ ಇಲ್ಲ. ನನಗೀಗ 43. ನನ್ನ 10 ವರ್ಷದ ಮಗಳಿಗೆ ಅಜ್ಜಿಯ ಹತ್ತಿರ ಹೊಲಿಗೆ ಕಲಿಯುವ ಆಸೆ. ಆದರೆ ಇಬ್ಬರೂ ಕೂತರೆ ಸ್ವಲ್ಪ ಹೊತ್ತಿಗೇ ಜಗಳ. ಅಮ್ಮ “ಹಾಗಲ್ಲ, ಕೊಡು ಇಲ್ಲಿ” ಅಂತ ಬಟ್ಟೆ ಕಿತ್ತುಕೊಂಡು ತಾವೇ ಹೊಲಿದುಬಿಡುತ್ತಾರೆ. ಹೇಗೆ ಅಂತ ಕೇಳಿದರೆ “ನೋಡಿ ಕಲಿ” ಅಂತಾರೆ. ಮನೆಯಲ್ಲಿ ಇರುವುದು ಕಾಲಿನಿಂದ ತುಳಿಯುವ ಹಳೆಯ ಮಿಷನ್. ಎಲ್ಲಿಂದ ಶುರು ಮಾಡಬೇಕು? ಈ ವಯಸ್ಸಿಗೆ ನನಗೂ ಹೊಲಿಗೆ ಬಂದೀತಾ? ಮಗಳು ಎಡಗೈಯವಳು, ಅದರಿಂದ ಏನಾದರೂ ತೊಂದರೆ ಇದೆಯಾ?

ಉತ್ತರ: ಮೊದಲು ನಿಮ್ಮ ಅಮ್ಮನ ಪರವಾಗಿ ಒಂದು ಮಾತು. ಅವರಿಗೆ ಮೊಮ್ಮಗಳ ಮೇಲೆ ಸಿಟ್ಟಿಲ್ಲ. ಹೇಗೆ ಅಂತ ಹೇಳಲು ಅವರಿಗೆ ನಿಜವಾಗಿಯೂ ಬರುತ್ತಿಲ್ಲ. ಜೀವನವಿಡೀ ಹೊಲಿದವರ ಕೈಗೆ ಗೊತ್ತಿರುವುದರಲ್ಲಿ ಬಹುಪಾಲು ಬಾಯಿಗೆ ಗೊತ್ತಿರುವುದಿಲ್ಲ. ಕಲಿಸುವಾಗ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ತುಂಬ ಚೆನ್ನಾಗಿ ಹೊಲಿಯುವವರನ್ನು “ಈ ತಿರುವಿನಲ್ಲಿ ಏನು ಮಾಡಿದಿರಿ?” ಅಂತ ಕೇಳಿದರೆ ಅವರು ಗಲಿಬಿಲಿಗೊಳ್ಳುತ್ತಾರೆ. ಮತ್ತೊಮ್ಮೆ ಹೊಲಿದು ತಮ್ಮ ಕೈಯನ್ನೇ ನೋಡಿಕೊಂಡು ಆಮೇಲೆ ಉತ್ತರ ಕೊಡುತ್ತಾರೆ.

ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮೆದುಳಿನ ಆಪರೇಷನ್ ಆಯಿತು. ಅದಾದ ಮೇಲೆ ಹೊಸ ಸಂಗತಿಗಳು ಅವರ ನೆನಪಿನಲ್ಲಿ ನಿಲ್ಲದಂತಾದವು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಈ ಮೊಲೈಸನ್ ಅವರಿಗೆ ಒಂದು ಕೆಲಸ ಕೊಟ್ಟರು. ಕೈಯನ್ನು ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೂರು ದಿನ ಮಾಡಿಸಿದರು. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಗುತ್ತಾ ಹೋಯಿತು. ಆದರೆ ಈ ಕೆಲಸವನ್ನು ಹಿಂದೆ ಮಾಡಿದ್ದೇನೆ ಅನ್ನುವುದೇ ಅವರಿಗೆ ನೆನಪಿರಲಿಲ್ಲ. ಕೈ ಕಲಿಯುವ ದಾರಿ ಬೇರೆ, ನಾವು ವಿವರಿಸಿ ಹೇಳಬಲ್ಲ ನೆನಪಿನ ದಾರಿ ಬೇರೆ ಅಂತ ಅದರಿಂದ ತಿಳಿಯಿತು. ನಿಮ್ಮ ಅಮ್ಮನ ನೆನಪು ಗಟ್ಟಿಯಾಗಿಯೇ ಇದೆ, ಆದರೆ ಅವರ ಹೊಲಿಗೆ ಇರುವುದು ಆ ಮೊದಲನೇ ದಾರಿಯಲ್ಲಿ. ಹಾಗಾಗಿ ವಿವರಿಸಿ ಹೇಳಿ ಅಂತ ಒತ್ತಾಯ ಮಾಡಿದಷ್ಟೂ ಜಗಳ ಜಾಸ್ತಿಯಾಗುತ್ತದೆ.

ಬದಲಾಗಬೇಕಾದದ್ದು ಕಲಿಕೆಯ ಕ್ರಮ. ನಿಮ್ಮ ಪ್ರಶ್ನೆಗೆ ನನ್ನ ಮುಖ್ಯ ಉತ್ತರವೇ ಇದು. ಸಾಮಾನ್ಯವಾಗಿ ನಾವು ಬಟ್ಟೆ ತಯಾರಾಗುವ ಕ್ರಮದಲ್ಲೇ ಕಲಿಯಲು ಹೋಗುತ್ತೇವೆ. ಮೊದಲು ಅಳತೆ, ಆಮೇಲೆ ಕತ್ತರಿಸುವುದು, ಆಮೇಲೆ ಜೋಡಿಸುವುದು, ಕೊನೆಗೆ ಹೆಮ್ಮಿಂಗ್, ಗುಂಡಿ, ಹುಕ್ಕು. ಕಲಿಯುವವರಿಗೆ ಇದು ತಲೆಕೆಳಗಾದ ದಾರಿ.

1970ರ ದಶಕದಲ್ಲಿ ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆ ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶದ ಟೈಲರ್‌ಗಳ ಜೊತೆ ಕೂತು, ಅವರ ಶಿಷ್ಯರು ಹೇಗೆ ಕಲಿಯುತ್ತಾರೆ ಅಂತ ವರ್ಷಗಟ್ಟಲೆ ಗಮನಿಸಿದರು. ಅಲ್ಲಿ ಯಾರೂ ಪಾಠ ಮಾಡುತ್ತಿರಲಿಲ್ಲ ಅನ್ನಬಹುದು. ಆದರೂ ಹುಡುಗರು ಪಕ್ಕಾ ಟೈಲರ್‌ಗಳಾಗುತ್ತಿದ್ದರು. ಗುಟ್ಟು ಕೆಲಸದ ಸರದಿಯಲ್ಲಿತ್ತು. ಹೊಸಬನಿಗೆ ಮೊದಲು ಸಿಗುತ್ತಿದ್ದದ್ದು ಗುಂಡಿ ಹಾಕುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವಂಥ ಕೊನೆಯ ಕೆಲಸಗಳು. ಆಮೇಲೆ ತುಂಡುಗಳನ್ನು ಜೋಡಿಸುವುದು. ಬಟ್ಟೆ ಕತ್ತರಿಸುವುದು ಎಲ್ಲಕ್ಕಿಂತ ಕೊನೆಗೆ. ಉಡುಪುಗಳಲ್ಲೂ ಹಾಗೇ. ಟೋಪಿ, ಮಕ್ಕಳ ಒಳಚಡ್ಡಿಯಂಥ ಸಣ್ಣಪುಟ್ಟವು ಮೊದಲು, ಸೂಟು ಕೊನೆಗೆ.

ಯೋಚಿಸಿ ನೋಡಿ, ಇದರಲ್ಲಿ ಎಷ್ಟು ವಿವೇಕ ಇದೆ ಅಲ್ವಾ? ಗುಂಡಿ ಹಾಕುವ ಹುಡುಗನ ಕೈಗೆ ಇಡೀ ಅಂಗಿ ಬರುತ್ತದೆ. ಅದರ ಕಾಲರ್ ಹೇಗೆ ಕೂತಿದೆ, ತೋಳು ಎಲ್ಲಿ ಸೇರಿದೆ, ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅನ್ನುವುದೆಲ್ಲ ಅವನ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಮುಂದೆ ಜೋಡಿಸುವ ಸರದಿ ಬಂದಾಗ, ಜೋಡಿಸಿದ್ದು ಹೇಗೆ ಕಾಣಬೇಕು ಅಂತ ಅವನಿಗೆ ಆಗಲೇ ಗೊತ್ತಿರುತ್ತದೆ. ಇನ್ನೊಂದು, ಗುಂಡಿ ತಪ್ಪಿದರೆ ಕಿತ್ತು ಮತ್ತೆ ಹಾಕಬಹುದು. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿ ತಪ್ಪಿದರೆ ಬಟ್ಟೆ ಹೋಯಿತು. ಸರಿಪಡಿಸಲಾಗದ ತಪ್ಪು ಆಗುವಂಥ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದೇ ಸರಿ.

ಹಾಗಾಗಿ ಮುಂದಿನ ಕೆಲವು ವಾರ ನಿಮ್ಮ ಮಗಳು ಮಿಷನ್ ಮುಟ್ಟುವುದು ಬೇಡ. ಅಜ್ಜಿ ಏನನ್ನೇ ಹೊಲಿಯಲಿ, ಕೊನೆಯ ಕೆಲಸ ಮೊಮ್ಮಗಳದು. ಹೊಸದೇನೂ ಹೊಲಿಯುತ್ತಿಲ್ಲವಾದರೆ ಮನೆಯಲ್ಲಿ ಗುಂಡಿ ಕಿತ್ತುಹೋದ, ಅಂಚು ಬಿಚ್ಚಿಕೊಂಡ ಬಟ್ಟೆಗಳು ಇದ್ದೇ ಇರುತ್ತವೆ. ಅವನ್ನೆಲ್ಲ ಒಂದು ಚೀಲದಲ್ಲಿ ಹಾಕಿಡಿ. ಅದೇ ಅವಳ ಪಠ್ಯ.

ಗುಂಡಿಯನ್ನೇ ತೆಗೆದುಕೊಳ್ಳಿ. ಸುಲಭದ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಹೊಲಿಗೆಯ ಅರ್ಧ ಪಾಠ ಅದರಲ್ಲೇ ಇದೆ. ದಾರ ಮೊಳದಷ್ಟು, ಅಂದರೆ ಸುಮಾರು 45 ಸೆಂಟಿಮೀಟರ್ ಸಾಕು. ಮತ್ತೆ ಮತ್ತೆ ಪೋಣಿಸುವ ಬೇಜಾರಿಗೆ ಮಕ್ಕಳು ಮಾರುದ್ದ ದಾರ ತೆಗೆದುಕೊಳ್ಳುತ್ತಾರೆ, ಅದು ಸಿಕ್ಕುಬೀಳುತ್ತದೆ, ಅಲ್ಲಿಗೆ ಉತ್ಸಾಹ ಮುಗಿಯಿತು. ದಾರದ ತುದಿಯನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತಿ, ಹೆಬ್ಬೆರಳಿನಿಂದ ಹೊಸೆದು ಉರುಳಿಸಿ, ಬೆರಳಿನಿಂದ ಜಾರಿಸಿ ಎಳೆದರೆ ಗಂಟು ತಾನೇ ಬೀಳುತ್ತದೆ. ಗುಂಡಿ ಇಡುವ ಮೊದಲೇ ಆ ಜಾಗದಲ್ಲಿ ಒಂದೆರಡು ಹೊಲಿಗೆ ಹಾಕಿ ದಾರವನ್ನು ಭದ್ರ ಮಾಡಬೇಕು. ಆಮೇಲೆ ಗುಂಡಿ ಇಟ್ಟು, ಅದರ ಮೇಲೆ ತೂತುಗಳ ನಡುವೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು, ಕಡ್ಡಿಯ ಮೇಲಿಂದಲೇ ದಾರ ಹಾಯಿಸುತ್ತಾ ಹೊಲಿಯಬೇಕು. ಕಡ್ಡಿ ತೆಗೆದು ಗುಂಡಿಯನ್ನು ಮೇಲಕ್ಕೆಳೆದರೆ ಅದರ ಕೆಳಗೆ ಸ್ವಲ್ಪ ಸಡಿಲ ಉಳಿದಿರುತ್ತದೆ. ಆ ಸಡಿಲದ ಸುತ್ತ ದಾರವನ್ನು ಮೂರ್ನಾಲ್ಕು ಸಲ ಬಿಗಿಯಾಗಿ ಸುತ್ತಿ, ಹಿಂಬದಿಗೆ ತಂದು ಗಂಟು ಹಾಕಬೇಕು. ಹೀಗೆ ಸಣ್ಣ ಕತ್ತು ಬಿಟ್ಟು ಹಾಕಿದ ಗುಂಡಿ ಮಾತ್ರ ಕಾಜಾದೊಳಗೆ ಹಾಯಾಗಿ ಕೂರುತ್ತದೆ. ಬಟ್ಟೆಗೆ ಒತ್ತಿ ಹೊಲಿದ ಗುಂಡಿ ಕಾಜಾವನ್ನು ಎಳೆದು ಸುಕ್ಕು ಮಾಡುತ್ತದೆ, ಬೇಗ ಕಿತ್ತೂಹೋಗುತ್ತದೆ. ಬಟ್ಟೆಯ ದಪ್ಪಕ್ಕೆ ಎಷ್ಟು ಜಾಗ ಬಿಡಬೇಕು, ದಾರವನ್ನು ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವ ಅಂದಾಜು ಹತ್ತು ವರ್ಷದ ಕೈಗೆ ಇಲ್ಲೇ ಬರುತ್ತದೆ.

ಅದಾದ ಮೇಲೆ ಹೆಮ್ಮಿಂಗ್. ಅಲ್ಲಿ ಕಲಿಯಬೇಕಾದದ್ದು ಒಂದೇ. ಸೂಜಿ ಹೊರಗಿನ ಬಟ್ಟೆಯ ಒಂದೋ ಎರಡೋ ಎಳೆಯನ್ನು ಮಾತ್ರ ಎತ್ತಬೇಕು, ಹೊಲಿಗೆ ಹೊರಗೆ ಕಾಣಬಾರದು. ನಂತರ ಕಚ್ಚಾ ಹೊಲಿಗೆ. ಅಜ್ಜಿ ಮಿಷನ್ನಿನಲ್ಲಿ ಜೋಡಿಸುವ ತುಂಡುಗಳಿಗೆ ಮೊಮ್ಮಗಳು ಮೊದಲೇ ಕೈಯಲ್ಲಿ ಉದ್ದುದ್ದ ಹೊಲಿಗೆ ಹಾಕಿಕೊಡಲಿ. ಅದು ಹೇಗೂ ಆಮೇಲೆ ಬಿಚ್ಚಿ ಎಸೆಯುವ ಹೊಲಿಗೆ, ಅಂಕುಡೊಂಕಾದರೂ ಚಿಂತೆ ಇಲ್ಲ. ಆದರೆ ಯಾವ ತುಂಡಿಗೆ ಯಾವುದು, ಯಾವ ಬದಿಗೆ ಯಾವ ಬದಿ ಅನ್ನುವುದು ಅವಳಿಗೆ ತಿಳಿಯುತ್ತಾ ಹೋಗುತ್ತದೆ.

ಇನ್ನು ಬಟ್ಟೆ ಕಿತ್ತುಕೊಳ್ಳುವ ವಿಷಯ. ಇದಕ್ಕೆ ನಾನು ಎಲ್ಲ ಮನೆಗಳಿಗೂ ಹೇಳುವ ಉಪಾಯ ಒಂದಿದೆ. ಇಬ್ಬರ ಕೈಯಲ್ಲೂ ಒಂದೊಂದು ತುಂಡು ಬಟ್ಟೆ ಇರಲಿ, ಒಂದೊಂದು ಸೂಜಿ ಇರಲಿ. ಅಜ್ಜಿ ತಮ್ಮ ತುಂಡಿನ ಮೇಲೆ ತೋರಿಸುತ್ತಾರೆ, ಮಗಳು ತನ್ನ ತುಂಡಿನ ಮೇಲೆ ಮಾಡುತ್ತಾಳೆ. ತಪ್ಪಾದರೆ ಅಜ್ಜಿ ತಮ್ಮದರಲ್ಲೇ ಮತ್ತೊಮ್ಮೆ ತೋರಿಸಬೇಕು. ಮೊಮ್ಮಗಳ ಬಟ್ಟೆಗೆ ಕೈ ಹಾಕುವಂತಿಲ್ಲ. ಗೊತ್ತಿರುವವರಿಗೆ ಸುಮ್ಮನೆ ಕೂತು ನೋಡುವುದು ಬಹಳ ಕಷ್ಟ, ಕೈ ತುರಿಸುತ್ತದೆ. ಕೈಯಲ್ಲಿ ಅವರದೇ ಒಂದು ಕೆಲಸ ಇದ್ದರೆ ಆ ಕಷ್ಟ ಅರ್ಧ ಕಡಿಮೆಯಾಗುತ್ತದೆ. ಮಗು ಹೊಲಿದ ಸಾಲನ್ನು ಅವಳು ಮಲಗಿದ ಮೇಲೆ ಬಿಚ್ಚಿ ಸರಿ ಮಾಡಿಡುವ ಅಭ್ಯಾಸ ಕೆಲವು ಹಿರಿಯರಿಗೆ ಇರುತ್ತದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ದಯವಿಟ್ಟು ಅದನ್ನು ತಡೆಯಿರಿ. ಬೆಳಗ್ಗೆ ಎದ್ದು ತನ್ನ ಹೊಲಿಗೆ ಇಲ್ಲದ್ದನ್ನು ನೋಡಿದ ಮಗು ಮತ್ತೆ ಸೂಜಿ ಹಿಡಿಯಲು ಹಿಂಜರಿಯುತ್ತದೆ.

ಬಿಚ್ಚುವುದನ್ನೂ ಅವಳೇ ಮಾಡಲಿ. ಹೊಲಿಗೆ ಬಿಚ್ಚುವುದು ಶಿಕ್ಷೆ ಅಲ್ಲ, ಅದೂ ಒಂದು ಕೆಲಸ ಅಂತ ಮೊದಲ ದಿನವೇ ಅವಳಿಗೆ ಗೊತ್ತಾಗಬೇಕು. ಮಿಷನ್ ಹೊಲಿಗೆಯಾದರೆ ಒಂದು ಬದಿಯಲ್ಲಿ ನಾಲ್ಕೈದು ಹೊಲಿಗೆಗೊಂದರಂತೆ ದಾರ ಕತ್ತರಿಸುತ್ತಾ ಹೋಗಿ, ಬಟ್ಟೆ ತಿರುಗಿಸಿ ಇನ್ನೊಂದು ಬದಿಯ ದಾರ ಎಳೆದರೆ ಉದ್ದಕ್ಕೆ ಒಂದೇ ಎಳೆಯಾಗಿ ಬರುತ್ತದೆ. ಮಕ್ಕಳಿಗೆ ಇದು ಬಲು ಇಷ್ಟ. ಮೇಲಿನ ದಾರ, ಕೆಳಗಿನ ದಾರ ಎರಡೂ ಬೇರೆ ಅನ್ನುವುದು ಹೇಳದೆಯೇ ತಿಳಿಯುತ್ತದೆ.

“ನೋಡಿ ಕಲಿ” ಅನ್ನುವ ಮಾತಿಗೆ ಬರೋಣ. ಆ ಮಾತು ತಪ್ಪಲ್ಲ. ಆದರೆ ಏನನ್ನು ನೋಡಬೇಕು ಅಂತ ಯಾರಾದರೂ ಹೇಳಬೇಕು. ಅದು ನಿಮ್ಮ ಕೆಲಸ. ಅಮ್ಮ ಮಿಷನ್ ಮುಂದೆ ಕೂತಾಗ ಎಲ್ಲರ ಕಣ್ಣೂ ಸೂಜಿಯ ಮೇಲೆ ಹೋಗುತ್ತದೆ. ಸೂಜಿ ಬಿಡಿ, ಅವರ ಎಡಗೈ ನೋಡಿ. ಅಂಗೈ ಬಟ್ಟೆಯ ಮೇಲೆ ಹಗುರಾಗಿ ಕೂತಿರುತ್ತದೆ. ಅವರು ಬಟ್ಟೆಯನ್ನು ತಳ್ಳುವುದಿಲ್ಲ, ಎಳೆಯುವುದೂ ಇಲ್ಲ, ದಾರಿ ತಪ್ಪದಂತೆ ಕಾಯುತ್ತಾರೆ ಅಷ್ಟೇ. ಮುಂದಕ್ಕೆ ಒಯ್ಯುವ ಕೆಲಸ ಕೆಳಗಿನ ಹಲ್ಲುಪಟ್ಟಿಯದು. ಹೊಸಬರು ಹಿಂದಿನಿಂದ ಬಟ್ಟೆ ಎಳೆಯುತ್ತಾರೆ, ಆಗ ಸೂಜಿ ಬಾಗಿ ತಟ್ಟೆಗೆ ಬಡಿದು ಮುರಿಯುತ್ತದೆ. ಇನ್ನೊಂದು, ಅಮ್ಮನ ಕಣ್ಣು ಎಲ್ಲಿದೆ ನೋಡಿ. ಪಳಗಿದವರು ಸೂಜಿಯನ್ನು ನೋಡುವುದಿಲ್ಲ. ಬಟ್ಟೆಯ ಅಂಚು, ಅದನ್ನು ಮೇಲಿಂದ ಒತ್ತಿ ಹಿಡಿಯುವ ಮಿಷನ್ನಿನ ಪಾದದ ಅಂಚಿಗೆ ಸರಿಯಾಗಿ ಸಾಗುತ್ತಿದೆಯಾ ಅಂತ ನೋಡುತ್ತಾರೆ. ಇವೆರಡನ್ನು ಮಗಳಿಗೆ ತೋರಿಸಿಕೊಟ್ಟರೆ ಅವಳ ಹೊಲಿಗೆ ಆ ದಿನವೇ ನೆಟ್ಟಗಾಗುತ್ತದೆ.

ಅಮ್ಮನನ್ನು ಕೇಳುವ ಪ್ರಶ್ನೆಯನ್ನೂ ಸ್ವಲ್ಪ ಬದಲಾಯಿಸಿ. “ಹೇಗೆ ಮಾಡಿದಿರಿ” ಅನ್ನುವ ಬದಲು “ಇಲ್ಲಿ ಹೀಗೆ ಮಾಡದಿದ್ದರೆ ಏನಾಗುತ್ತದೆ?” ಅಂತ ಕೇಳಿ. ಕುತ್ತಿಗೆಯ ತಿರುವಿನಲ್ಲಿ ಒಳಗಿನ ಬಟ್ಟೆಗೆ ಸಣ್ಣ ಸಣ್ಣ ಕಟ್ ಕೊಡುತ್ತಾರಲ್ಲ, ಯಾಕೆ ಅಂತ ಕೇಳಿದರೆ “ಹಾಗೇ ಮಾಡಬೇಕು” ಅನ್ನಬಹುದು. ಕೊಡದಿದ್ದರೆ ಏನಾಗುತ್ತದೆ ಅಂತ ಕೇಳಿದರೆ, “ತಿರುಗಿಸಿದಾಗ ಎಳೆದು ಉಬ್ಬಿಕೊಳ್ಳುತ್ತದೆ” ಅಂತ ತಟ್ಟನೆ ಹೇಳುತ್ತಾರೆ. ಕೆಟ್ಟುಹೋಗುವುದನ್ನು ಹೇಳಲು ಯಾರಿಗೂ ಮಾತು ತಡವರಿಸುವುದಿಲ್ಲ.

ಮಿಷನ್ ಸರದಿ ಬಂದಾಗ ಸೂಜಿದಾರದಿಂದ ಶುರು ಮಾಡಬೇಡಿ, ಕಾಲಿನಿಂದ ಶುರು ಮಾಡಿ. ಹಳೆಯ ತುಳಿಯುವ ಮಿಷನ್ ಇರುವುದು ನಿಮ್ಮ ಭಾಗ್ಯ ಅಂತಲೇ ಹೇಳುತ್ತೇನೆ. ಅದು ತುಳಿದಷ್ಟೇ ಓಡುತ್ತದೆ, ಕಲಿಯುವವರಿಗೆ ಆ ನಿಧಾನ ಒಳ್ಳೆಯದು. ಬಲಗಡೆಯ ಕೈಚಕ್ರದ ನಡುವೆ ಒಂದು ದೊಡ್ಡ ತಿರುಪು ಇರುತ್ತದೆ. ಅದನ್ನು ಸಡಿಲಿಸಿದರೆ ಚಕ್ರ ತಿರುಗುತ್ತದೆ, ಸೂಜಿ ಆಡುವುದಿಲ್ಲ. ಬಾಬಿನ್‌ಗೆ, ಅಂದರೆ ಕೆಳಗಿನ ದಾರದ ಪುಟ್ಟ ಉರುಳೆಗೆ, ದಾರ ಸುತ್ತುವಾಗ ಅಮ್ಮ ಅದನ್ನೇ ಸಡಿಲಿಸುತ್ತಾರೆ. ಹಾಗೆ ಮಾಡಿ ಮಗಳು ಬರೀ ತುಳಿಯಲಿ. ಚಕ್ರವನ್ನು ಕೈಯಿಂದ ತನ್ನ ಕಡೆಗೆ ತಿರುಗಿಸಿ, ಆ ಓಟ ಹಿಡಿದು ಕಾಲು ಆಡಿಸಬೇಕು. ಮೊದಮೊದಲು ಚಕ್ರ ಹಿಂದಕ್ಕೆ ಓಡುತ್ತದೆ. ದಾರ ಹಾಕಿರುವಾಗ ಹಾಗಾದರೆ ದಾರ ಸಿಕ್ಕಿ ತುಂಡಾಗುತ್ತದೆ. ಬೇಕೆಂದಾಗ ಶುರು ಮಾಡಿ ಬೇಕೆಂದಾಗ ನಿಲ್ಲಿಸುವುದು ಬರುವ ತನಕ ಮುಂದಿನ ಹೆಜ್ಜೆ ಬೇಡ.

ಆಮೇಲೆ ತಿರುಪು ಬಿಗಿ ಮಾಡಿ, ದಾರ ಹಾಕದೆ, ಗೆರೆ ಇರುವ ನೋಟ್‌ಬುಕ್ ಹಾಳೆಯ ಮೇಲೆ ಹೊಲಿಸಿ. ಸೂಜಿ ಗೆರೆಯ ಮೇಲೇ ತೂತು ಮಾಡುತ್ತಾ ಹೋಗಬೇಕು. ಮೂಲೆ ಬಂದಾಗ ನಿಲ್ಲಿಸಿ, ಸೂಜಿ ಕೆಳಗಿರುವಂತೆಯೇ ಮಿಷನ್ನಿನ ಪಾದ ಎತ್ತಿ, ಹಾಳೆ ತಿರುಗಿಸಿ, ಪಾದ ಇಳಿಸಿ ಮುಂದುವರಿಯಬೇಕು. ಕಾಗದ ಹೊಲಿದ ಸೂಜಿ ಮೊಂಡಾಗುತ್ತದೆ, ಅದಕ್ಕೊಂದು ಹಳೆಯ ಸೂಜಿ ಇಟ್ಟುಕೊಳ್ಳಿ. ಬೆರಳುಗಳು ಪಾದದಿಂದ ಮೂರು ನಾಲ್ಕು ಸೆಂಟಿಮೀಟರ್ ದೂರ ಇರಲಿ. ದಾರ ಪೋಣಿಸುವಾಗ ಕಾಲು ಪೆಡಲಿನ ಮೇಲಿರದೆ ಪೂರ್ತಿ ನೆಲದ ಮೇಲಿರಲಿ. ಇವೆರಡರಲ್ಲಿ ರಿಯಾಯಿತಿ ಬೇಡ. ದೊಡ್ಡವರು ಪಕ್ಕದಲ್ಲಿ ಇಲ್ಲದೆ ಅವಳು ಮಿಷನ್ ಮುಂದೆ ಕೂರುವುದೂ ಬೇಡ.

ದಾರ ಹಾಕಿದ ಮೇಲೆ ಬರುವ ಮೊದಲ ಅಳು ಯಾವುದು ಗೊತ್ತಾ? ಬಟ್ಟೆಯ ಕೆಳಗೆ ದಾರ ಗುಪ್ಪೆಯಾಗುವುದು. ಕೆಳಗೆ ಗುಪ್ಪೆಯಾಯಿತಲ್ಲ, ಬಾಬಿನ್ನೇ ಸರಿಯಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಕಾರಣ ಮೇಲಿನ ದಾರ. ಸೂಜಿ ಕೆಳಗಿಳಿದು ಸ್ವಲ್ಪ ಮೇಲೇಳುವಾಗ ಅದರ ಕಣ್ಣಿನ ಬಳಿ ದಾರ ಸಡಿಲಾಗಿ ಸಣ್ಣ ಕುಣಿಕೆಯಾಗುತ್ತದೆ. ಶಟಲ್ಲಿನ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್ ದಾರದ ಸುತ್ತ ದಾಟಿಸುತ್ತದೆ. ಆಮೇಲೆ ಮೇಲೆ ಕುಣಿಯುವ ಕಡ್ಡಿ ಆ ದಾರವನ್ನು ಎಳೆದು ಬಿಗಿ ಮಾಡಬೇಕು. ದಾರವನ್ನು ಒತ್ತಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಅದು ಕೂತಿಲ್ಲದಿದ್ದರೆ ಈ ಬಿಗಿ ಸಿಗುವುದಿಲ್ಲ, ಕುಣಿಕೆಗಳೆಲ್ಲ ಕೆಳಗೇ ಉಳಿಯುತ್ತವೆ. ಪೂರ್ತಿ ದಾರ ತೆಗೆದು, ಪಾದ ಎತ್ತಿಟ್ಟು, ಮತ್ತೆ ಮೊದಲಿನಿಂದ ಪೋಣಿಸಿ. ಪಾದ ಎತ್ತಿದಾಗ ಬಿಲ್ಲೆಗಳು ತೆರೆದುಕೊಳ್ಳುತ್ತವೆ, ದಾರ ಒಳಗೆ ಸರಿಯಾಗಿ ಕೂರುತ್ತದೆ. ಹೊಲಿಯಲು ಶುರು ಮಾಡುವಾಗ ಎರಡೂ ದಾರದ ತುದಿ ಹಿಂದಕ್ಕೆ ಎಳೆದು ಹಿಡಿದುಕೊಳ್ಳಿ. ಆಮೇಲೂ ಸರಿಯಾಗದಿದ್ದರೆ ಸೂಜಿ ಬದಲಿಸಿ. ಅದು ಬಾಗಿರಬಹುದು, ಅಥವಾ ಅದರ ಚಪ್ಪಟೆ ಬದಿ ತಪ್ಪು ದಿಕ್ಕಿಗಿರಬಹುದು. ಟೆನ್ಷನ್ ತಿರುಪಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಸೂಜಿಯ ಪೊಟ್ಟಣದ ಮೇಲೆ 90/14 ಅಂತ ಬರೆದಿರುತ್ತದೆ. 90 ಅಂದರೆ ಸೂಜಿಯ ದಪ್ಪ 0.9 ಮಿಲಿಮೀಟರ್. 14 ಅನ್ನುವುದು ಅದೇ ದಪ್ಪಕ್ಕೆ ಇರುವ ಇನ್ನೊಂದು ನಂಬರು. ತೆಳು ಹತ್ತಿ ಬಟ್ಟೆಗೆ 11, ಮಾಮೂಲು ಬಟ್ಟೆಗೆ 14, ಜೀನ್ಸ್‌ನಂಥ ದಪ್ಪ ಬಟ್ಟೆಗೆ 16. ಟೀ ಶರ್ಟ್ ಬಟ್ಟೆಗೆ ತುದಿ ಗುಂಡಗಿರುವ ಸೂಜಿಯೇ ಬೇಕು, ಚೂಪು ಸೂಜಿ ಅದರ ಹೆಣಿಗೆಯನ್ನು ಕತ್ತರಿಸಿ ತೂತು ಮಾಡುತ್ತದೆ. ಮಿಷನ್ನಿಗೆ ಮಿಷನ್ ಎಣ್ಣೆಯೇ ಹಾಕಿ. ಅಡುಗೆಯ ಎಣ್ಣೆ ದಿನ ಕಳೆದಂತೆ ಅಂಟಾಗಿ ಮಿಷನ್ ಹಿಡಿದುಕೊಳ್ಳುತ್ತದೆ.

ಕತ್ತರಿಯ ಪಾಠ ಕೊನೆಗೆ ಅಂದೆ. ಆದರೆ ಅದರ ಮುಂಚೆಯೇ ಬಟ್ಟೆಯ ಹಾಸು ಹೊಕ್ಕು ಗುರುತಿಸಲು ಕಲಿಸಿ. ಕತ್ತರಿಸಿದ ತುಂಡೊಂದನ್ನು ಮಗಳ ಕೈಗೆ ಕೊಟ್ಟು ಮೂರು ಕಡೆಗೂ ಎಳೆಯಲು ಹೇಳಿ. ಉದ್ದಕ್ಕೆ, ಅಂದರೆ ಹಾಸಿನ ದಿಕ್ಕಿಗೆ, ಹೆಚ್ಚು ಹಿಗ್ಗುವುದಿಲ್ಲ. ಅಡ್ಡಕ್ಕೆ ಸ್ವಲ್ಪ ಹಿಗ್ಗುತ್ತದೆ. ಮೂಲೆಯಿಂದ ಮೂಲೆಗೆ, 45 ಡಿಗ್ರಿಯಲ್ಲಿ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ. ಕುತ್ತಿಗೆಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿಯನ್ನೇ ಯಾಕೆ ಹಾಕುತ್ತಾರೆ, ಒಗೆದ ಮೇಲೆ ಕೆಲವು ಪ್ಯಾಂಟಿನ ಕಾಲು ಯಾಕೆ ತಿರುಚಿಕೊಳ್ಳುತ್ತದೆ ಅನ್ನುವುದಕ್ಕೆಲ್ಲ ಉತ್ತರ ಆ ಎಳೆತದಲ್ಲಿದೆ. ನಿಮ್ಮ ಅಮ್ಮ ಬಟ್ಟೆ ಕೈಗೆ ಬಂದ ಕೂಡಲೇ ಎರಡು ಬೆರಳಲ್ಲಿ ಹೀಗೆ ಎಳೆದು ನೋಡುತ್ತಿರಬಹುದು. ಸುಮ್ನೆ ಅಭ್ಯಾಸ ಅಂತ ನಿಮಗೆ ಅನ್ನಿಸಿರುತ್ತದೆ. ಅವರು ಆಗಲೇ ಎಲ್ಲಿ ಕತ್ತರಿ ಹಾಕಬೇಕು ಅಂತ ಯೋಚಿಸುತ್ತಿರುತ್ತಾರೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. 43ಕ್ಕೆ ಹೊಲಿಗೆ ಖಂಡಿತ ಬರುತ್ತದೆ. ದೊಡ್ಡವರಿಗೆ ಅಳತೆ, ಲೆಕ್ಕ, ಯಾವುದಾದ ಮೇಲೆ ಯಾವುದು ಅನ್ನುವ ಕ್ರಮ ಬೇಗ ಅರ್ಥವಾಗುತ್ತದೆ. ಕೈ ಮಾತ್ರ ತಡವಾಗಿ ಪಳಗುತ್ತದೆ, ಅಷ್ಟೇ. ವಾರಕ್ಕೊಮ್ಮೆ ಅರ್ಧ ದಿನ ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಕೂತರೆ ಫಲ ಜಾಸ್ತಿ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಸಹಜ. ಸೂಜಿ ಪೋಣಿಸಲು ಕಷ್ಟವಾದರೆ ನನಗೆ ಹೊಲಿಗೆ ಬರುವುದಿಲ್ಲ ಅಂತ ಕೈಬಿಡಬೇಡಿ. ಕಣ್ಣು ತೋರಿಸಿ, ಒಳ್ಳೆಯ ದೀಪ ಹಾಕಿಕೊಳ್ಳಿ. ನೀವು ಮಗಳ ಜೊತೆಗೇ ಕಲಿಯಿರಿ, ಅವಳ ಮೇಲ್ವಿಚಾರಕಿಯಾಗಿ ಕೂರಬೇಡಿ. ಇಬ್ಬರು ಕಲಿಯುವವರಿದ್ದರೆ ಅಜ್ಜಿಯ ಗಮನ ಹಂಚಿಹೋಗುತ್ತದೆ, ಮಗುವಿನ ಮೇಲಿನ ಒತ್ತಡ ಇಳಿಯುತ್ತದೆ. ಅಮ್ಮ ಬಯ್ದರೂ ಅರ್ಧ ನಿಮ್ಮ ಪಾಲಿಗೆ ಬರಲಿ.

ನಾನು ಮಾತ್ರ ಕಲಿಯಲೇ ಇಲ್ಲ ಅಂತ ಬರೆದಿದ್ದೀರಿ. ಅದರಲ್ಲಿ ಅಪರಾಧದ ಭಾವ ಬೇಡ. ಹೊಲಿಗೆ ಕಲಿಯದೆ ಗತಿಯಿಲ್ಲ ಅನ್ನುವ ಕಾಲವೊಂದಿತ್ತು. ಎಲಿಯಾಸ್ ಹೌ ಎಂಬ ಅಮೆರಿಕದವರು ಎರಡು ದಾರದ ಮಿಷನ್ನಿಗೆ ಪೇಟೆಂಟ್ ಪಡೆದದ್ದು 1846ರಲ್ಲಿ. ಅದಾದ ಹದಿನೈದು ವರ್ಷಕ್ಕೆ ಅಲ್ಲಿನ ಮಿಷನ್ ತಯಾರಕರೇ ಪ್ರಕಟಿಸಿದ ಲೆಕ್ಕದ ಪ್ರಕಾರ ಗಂಡಸರ ಒಂದು ಶರ್ಟನ್ನು ಕೈಯಲ್ಲಿ ಹೊಲಿಯಲು 14 ಗಂಟೆಗೂ ಜಾಸ್ತಿ ಬೇಕಿತ್ತು, ಮಿಷನ್ನಿನಲ್ಲಿ ಸುಮಾರು ಒಂದೂಕಾಲು ಗಂಟೆ. ತಲೆಮಾರುಗಳ ಹೆಣ್ಣುಮಕ್ಕಳ ಕಣ್ಣು, ಬೆನ್ನು ಆ 14 ಗಂಟೆಗಳಲ್ಲಿ ಸವೆದಿವೆ. ಮಗಳು ಓದಲಿ ಅಂತ ನಿಮ್ಮ ಅಮ್ಮ ನಿಮ್ಮನ್ನು ಮಿಷನ್ನಿನಿಂದ ದೂರ ಇಟ್ಟಿದ್ದರೆ ಅದೂ ಪ್ರೀತಿಯೇ. ಈಗ ನಿಮ್ಮ ಮಗಳು ಕಲಿಯುತ್ತಿರುವುದು ಆಸೆಯಿಂದ. ಮನೆಯಲ್ಲಿ ಗಂಡುಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ, ಗುಂಡಿ ಎಲ್ಲರ ಅಂಗಿಯದೂ ಕಿತ್ತುಹೋಗುತ್ತದೆ.

ಒಂದು ಕೆಲಸವನ್ನು ಮಾತ್ರ ಮುಂದೂಡಬೇಡಿ. ಅಮ್ಮನಿಗೆ 71 ಅಂದಿರಿ. ಅವರ ಕೈ ಗಟ್ಟಿಯಾಗಿರುವಾಗಲೇ ಅವರ ಹೊಲಿಗೆಯನ್ನು ಕೂಡಿಟ್ಟುಕೊಳ್ಳಿ. ಅವರು ಹೊಲಿದ ಹಳೆಯ ಬಟ್ಟೆ ಇದ್ದರೆ ಒಳಗು ಹೊರಗು ಮಾಡಿ ನೋಡಿ. ಎಷ್ಟು ಮಾರ್ಜಿನ್ ಬಿಟ್ಟಿದ್ದಾರೆ, ಕಂಕುಳಲ್ಲಿ ಎರಡು ಸಲ ಹೊಲಿದಿದ್ದಾರಾ, ಬೆಳೆಯುವ ಮಕ್ಕಳಿಗೆ ಬಿಚ್ಚಿ ದೊಡ್ಡದು ಮಾಡಲು ಎಲ್ಲಿ ಮಡಿಕೆ ಇಟ್ಟಿದ್ದಾರೆ ಅನ್ನುವುದೆಲ್ಲ ಅಲ್ಲಿ ಸಿಗುತ್ತದೆ. ಕಾಗದದ ಕಟಿಂಗ್‌ಗಳು, ಅಳತೆ ಬರೆದ ಪುಸ್ತಕ ಇದ್ದರೆ ಯಾವುದು ಯಾರದು ಅಂತ ಕೇಳಿ ಬರೆದಿಡಿ. ಮೊಬೈಲಿನಲ್ಲಿ ವಿಡಿಯೊ ಮಾಡುವಾಗ ಎದುರಿನಿಂದ ಮಾಡಬೇಡಿ. ಅವರ ಭುಜದ ಹಿಂದೆ ನಿಂತು, ಅವರ ಕಣ್ಣಿಗೆ ಕಾಣುವಂತೆಯೇ ಕೈಗಳನ್ನು ತೆಗೆಯಿರಿ. ನೋಡಿ ಹೊಲಿಯುವವರಿಗೆ ಆಗ ಎಡ ಬಲ ಅದಲುಬದಲಾಗುವುದಿಲ್ಲ.

ಇದಕ್ಕಿಂತಲೂ ನನಗೆ ಪ್ರಿಯವಾದದ್ದು ಹೊಲಿಗೆಯ ಮಾದರಿ ಬಟ್ಟೆ. ಯುರೋಪಿನಲ್ಲಿ ನಮೂನೆಯ ಪುಸ್ತಕಗಳು ಸುಲಭಕ್ಕೆ ಸಿಗದ ಕಾಲದಲ್ಲಿ ಹೆಣ್ಣುಮಕ್ಕಳು ಕಲಿತ ಹೊಲಿಗೆಗಳನ್ನೆಲ್ಲ ಒಂದೇ ಬಟ್ಟೆಯ ಮೇಲೆ ಹಾಕಿಟ್ಟುಕೊಳ್ಳುತ್ತಿದ್ದರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅಂಥದ್ದೊಂದಿದೆ. ಜೇನ್ ಬಾಸ್ಟಾಕ್ ಎಂಬ ಹೆಸರು, 1598 ಎಂಬ ಇಸವಿ ಎರಡೂ ಅದರ ಮೇಲೆ ದಾರದಲ್ಲೇ ಇವೆ. ಅದಕ್ಕೆ ಎರಡು ವರ್ಷ ಮುಂಚೆ ಆಲಿಸ್ ಲೀ ಎಂಬ ಮಗು ಹುಟ್ಟಿದ ಸುದ್ದಿಯನ್ನೂ ಅದರಲ್ಲೇ ಹೊಲಿದಿದ್ದಾರೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಮಾಡಿ. ಬಿಳಿ ಹತ್ತಿ ಬಟ್ಟೆಯ ಒಂದು ಉದ್ದ ಪಟ್ಟಿ ತೆಗೆದುಕೊಳ್ಳಿ. ಅಮ್ಮ ತಮಗೆ ಬರುವ ಒಂದೊಂದು ಕೈಹೊಲಿಗೆಯನ್ನು ಒಂದೊಂದು ಸಾಲು ಹಾಕಲಿ, ಅದರ ಕೆಳಗೆ ನೀವು ಒಂದು ಸಾಲು, ಅದರ ಕೆಳಗೆ ಮಗಳು ಒಂದು ಸಾಲು. ಕಾಜಾ ಒಂದು, ಹುಕ್ಕಿನ ಕಣ್ಣೊಂದು, ತೇಪೆ ಒಂದು, ನೆರಿಗೆ ಹಿಡಿದದ್ದೊಂದು. ಅಮ್ಮ ಯಾವುದಕ್ಕೆ ಯಾವ ಹೆಸರು ಹೇಳುತ್ತಾರೋ ಅದೇ ಹೆಸರನ್ನು ಪಕ್ಕದಲ್ಲಿ ಬರೆಯಿರಿ. ವಿಡಿಯೊ ನೋಡಿ ತಿಳಿಯದ್ದು ಈ ಬಟ್ಟೆ ಮುಟ್ಟಿ ನೋಡಿದರೆ ತಿಳಿಯುತ್ತದೆ. ದಾರ ಎಷ್ಟು ಬಿಗಿ ಇತ್ತು ಅನ್ನುವುದು ಬೆರಳಿಗೇ ಗೊತ್ತಾಗಬೇಕಾದ ವಿಷಯ.

ಮಗಳು ಎಡಗೈಯವಳು ಅಂತ ಕೊನೆಯಲ್ಲಿ ಬರೆದಿದ್ದೀರಿ. ಅಜ್ಜಿ ಮೊಮ್ಮಗಳ ಜಗಳಕ್ಕೆ ಅರ್ಧ ಕಾರಣ ಇದೇ ಇರಬಹುದು. ಬಲಗೈಯವರು ಹೆಮ್ಮಿಂಗ್ ಹಾಕುವಾಗ ಬಲದಿಂದ ಎಡಕ್ಕೆ ಹೋಗುತ್ತಾರೆ. ಅವಳಿಗೆ ಸಹಜವಾದದ್ದು ಎಡದಿಂದ ಬಲಕ್ಕೆ. ಪಕ್ಕದಲ್ಲಿ ಕೂತ ಅಜ್ಜಿಗೆ ಅದು ಪೂರ್ತಿ ಉಲ್ಟಾ ಕಾಣುತ್ತದೆ, “ಹಾಗಲ್ಲ” ಅನ್ನುವ ಮಾತು ಬಾಯಿಗೆ ಬಂದೇ ಬರುತ್ತದೆ. ಅವಳನ್ನು ಅಜ್ಜಿಯ ಪಕ್ಕದಲ್ಲಿ ಕೂರಿಸಬೇಡಿ, ಎದುರಿಗೆ ಕೂರಿಸಿ. ಆಗ ಅಜ್ಜಿಯ ಬಲಗೈ ಇರುವ ಕಡೆಯೇ ಅವಳ ಎಡಗೈ ಬರುತ್ತದೆ, ಕನ್ನಡಿ ನೋಡಿಕೊಂಡಂತೆ ಅವಳು ಹಾಗೇ ಅನುಸರಿಸಬಹುದು. ಭುಜದ ಹಿಂದಿನಿಂದ ತೆಗೆದ ವಿಡಿಯೊವನ್ನೂ ಅವಳಿಗೆ ತೋರಿಸುವಾಗ ಎಡ ಬಲ ತಿರುಗಿಸಿ ತೋರಿಸಿ. ಬಲಗೈಗೆ ಬದಲಿಸು ಅಂತ ಮಾತ್ರ ಯಾರೂ ಹೇಳಬಾರದು.

ಮಿಷನ್ನಿನಲ್ಲಿ ಎಡಗೈಯವರಿಗೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಅಲ್ಲಿ ಎರಡೂ ಕೈಗೆ ಕೆಲಸ ಇದೆ, ಬಟ್ಟೆಯ ರಾಶಿ ಹೇಗೂ ಎಡಗಡೆಗೇ ಇರುತ್ತದೆ. ಪಿನ್ನು ಚುಚ್ಚುವಾಗ ಅದರ ತಲೆ ಅವಳ ಎಡಗೈಗೆ ಸಿಗುವಂತೆ ಇರಲಿ. ಕತ್ತರಿ ಮಾತ್ರ ಬೇರೆಯೇ ಬೇಕು. ಬಲಗೈಯವರ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅಲಗುಗಳು ಒಂದಕ್ಕೊಂದು ಒತ್ತುವ ಬದಲು ದೂರ ಸರಿಯುತ್ತವೆ, ಬಟ್ಟೆ ನಡುವೆ ಸಿಕ್ಕಿ ಮಡಚಿಕೊಳ್ಳುತ್ತದೆ, ಕತ್ತರಿಸುವ ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. ಎಡಗೈಯವರಿಗೆಂದೇ ಅಲಗು ತಿರುಗಿಸಿ ಮಾಡಿದ ಕತ್ತರಿ ಸಿಗುತ್ತದೆ, ಅದನ್ನೇ ತರಿಸಿ. ಹಿಡಿಯಲ್ಲಿ ಮಾತ್ರ ಎಡಗೈ ಆಕಾರ ಇದ್ದು ಅಲಗು ಮಾಮೂಲಿನಂತೆ ಇರುವವೂ ಇವೆ, ತೆಗೆದುಕೊಳ್ಳುವಾಗ ಒಂದು ತುಂಡು ಬಟ್ಟೆ ಕತ್ತರಿಸಿ ನೋಡಿ. ಅದು ಬರುವ ತನಕ ಕತ್ತರಿಸುವ ಕೆಲಸ ಅಜ್ಜಿಯದೇ ಇರಲಿ.